ಕೆಟ್ಟ ಎಣ್ಣೆ, ಸುಟ್ಟ ಎಣ್ಣೆ

೧೯೮೬ರಲ್ಲಿ ನಾನು ದಾವಣಗೆರೆಯ ವಿನೋಬನಗರದಲ್ಲಿ ಎಂಜಿನ್ ರಿಪೇರಿಯ ಶೆಡ್ ಹಾಕಿ ಐದು ವರ್ಷವಾಗಿತ್ತು. ಅದಕ್ಕೂ ಮೊದಲು ಹನ್ನೊಂದು ವರ್ಷ ಹರಿಹರದ ಒಂದು ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ಎಂಜಿನ್ ಓಡಿಸಿ, ಸದ್ದು ಕೇಳಿ, ಗೇಜು ನೋಡಿ, ಫಾರ್ಮಿನಲ್ಲಿ ಬರೆದು ಸಹಿ ಹಾಕುವುದು ಅಲ್ಲಿ ನನ್ನ ಕೆಲಸ. ಕಾರ್ಖಾನೆ ಬಿಟ್ಟರೂ ಬರೆದು ಸಹಿ ಹಾಕುವ ಚಟ ಬಿಡಲಿಲ್ಲ. ಊರಿನ ಬೇರೆ ಮೆಕ್ಯಾನಿಕ್‌ಗಳು ಬಾಯಲ್ಲಿ ಹೇಳಿ ಮುಗಿಸುತ್ತಿದ್ದುದನ್ನು ನಾನು ಲೆಟರ್‌ಹೆಡ್ಡಿನ ಮೇಲೆ ಬರೆದು ಕೊಡುತ್ತಿದ್ದೆ. ಅದಕ್ಕೇ ಜನ ನನ್ನನ್ನು ಚಂದ್ರಣ್ಣ ಅನ್ನುವುದು ಬಿಟ್ಟು ಇಂಜಿನಿಯರ್ ಸಾಹೇಬ್ರು ಅನ್ನತೊಡಗಿದ್ದರು. ನನಗೂ ಅದು ಹಿತವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಈಗ ಎಪ್ಪತ್ತೈದು ದಾಟಿದೆ. ಹಾಗೆ ಬರೆದ ಕಾಗದಗಳಲ್ಲಿ ಒಂದನ್ನು ಮಾತ್ರ ಬರೆಯಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ.

ಆ ಕಾಗದ ಒಂದು ಕಾರಿನದು. ಕಾರಿನ ಮಾಲೀಕರು ಗಫಾರ್ ಸಾಹೇಬರು, ಮರದ ವ್ಯಾಪಾರಿಗಳು. ಅವರ ತಮ್ಮ ಯೂಸುಫ್ ಕುವೈತಿನಲ್ಲಿ ಕೆಲಸ ಮಾಡಿ ೧೯೮೪ರಲ್ಲಿ ವಾಪಸು ಬರುವಾಗ ಒಂದು ಜಪಾನಿ ಕಾರು ಜೊತೆಗೆ ತಂದಿದ್ದರು. ನಾಲ್ಕು ಸಿಲಿಂಡರಿನ ಸಣ್ಣ ಪೆಟ್ರೋಲ್ ಎಂಜಿನ್ನು, ಆದರೆ ಅದಕ್ಕೆ ಟರ್ಬೋಚಾರ್ಜರ್ ಇತ್ತು. ಆ ಕಾಲಕ್ಕೆ ನಮ್ಮ ಕಡೆ ಟರ್ಬೋ ಅಂದರೆ ದೊಡ್ಡ ಡೀಸೆಲ್ ಜನರೇಟರುಗಳಲ್ಲಿ, ಡಂಪರುಗಳಲ್ಲಿ ಕಂಡದ್ದು ಅಷ್ಟೇ. ಕಾರಿನಲ್ಲಿ ಅದನ್ನು ನಾನೂ ಮೊದಲ ಸಲ ನೋಡಿದೆ.

ಟರ್ಬೋ ಅಂದರೆ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಎಂಜಿನ್ನಿನಿಂದ ಹೊರಹೋಗುವ ಸುಡುಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿನೊಳಗೆ ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಉರಿಯುತ್ತದೆ, ಶಕ್ತಿ ಹೆಚ್ಚುತ್ತದೆ. ಆ ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತು ತಿರುಗುವುದೂ ಉಂಟು. ಅಷ್ಟು ವೇಗದಲ್ಲಿ ಅದನ್ನು ಉಳಿಸುವುದು ಬೇರಿಂಗಿನೊಳಗೆ ಹರಿಯುವ ಎಂಜಿನ್ ಎಣ್ಣೆಯ ತೆಳ್ಳನೆಯ ಪದರ ಒಂದೇ. ಹೊರಗಿನ ಆಕಾರ ಸುರುಳಿ ಸುರುಳಿಯಾಗಿ ಇರುವುದರಿಂದ ಗಫಾರ್ ಸಾಹೇಬರ ಡ್ರೈವರ್ ಬಸಪ್ಪ ಅದನ್ನು ಶಂಖ ಎಂದು ಕರೆಯುತ್ತಿದ್ದ.

ಬಸಪ್ಪ ಹರಿಹರ ತಾಲ್ಲೂಕಿನ ಕೊಕ್ಕನೂರಿನವನು. ಇಪ್ಪತ್ತು ವರ್ಷದಿಂದ ಅವರ ಮನೆಯಲ್ಲಿದ್ದ. ಮೊದಲು ಮರದ ಲಾರಿ, ಆಮೇಲೆ ಹಳೇ ಕಾರು, ಈಗ ಇದು. ಮಾತು ಕಡಿಮೆ. ಶೆಡ್ಡಿಗೆ ಗಾಡಿ ತಂದರೆ ನಾನು ಬಾನೆಟ್ ಎತ್ತುವ ಮೊದಲೇ ಏನು ಸದ್ದು, ಯಾವ ಗೇರಿನಲ್ಲಿ, ಎಷ್ಟು ದಿನದಿಂದ ಎಂದು ಮೂರು ಮಾತಿನಲ್ಲಿ ಹೇಳಿ ದೂರ ನಿಂತುಬಿಡುತ್ತಿದ್ದ. ಅಂಥ ಡ್ರೈವರುಗಳು ಮೆಕ್ಯಾನಿಕ್‌ಗೆ ಸಿಗುವುದು ಪುಣ್ಯ.

೧೯೮೫ರಲ್ಲಿ ಅಣ್ಣತಮ್ಮಂದಿರು ಹರಿಹರದಲ್ಲಿ ಹೊಸ ಮರದ ಡಿಪೋ ತೆರೆದರು. ಅಲ್ಲಿಯವರೆಗೆ ವಾರಕ್ಕೊಮ್ಮೆ ಹೊರಡುತ್ತಿದ್ದ ಕಾರು ದಿನವೂ ಹೋಗಿ ಬರತೊಡಗಿತು. ಹರಿಹರದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಹದಿನಾಲ್ಕು ಕಿಲೋಮೀಟರ್. ಯೂಸುಫ್‌ಗೆ ಅದನ್ನು ಎಷ್ಟು ಬೇಗ ದಾಟುತ್ತೇವೆ ಎಂಬುದೇ ದೊಡ್ಡ ಖುಷಿ. ಗಡಿಯಾರ ನೋಡುತ್ತಾ ಪಕ್ಕದಲ್ಲಿ ಕೂತು ‘ಒತ್ತು ಬಸಣ್ಣ, ಒತ್ತು’ ಎನ್ನುತ್ತಿದ್ದರಂತೆ. ೧೯೮೬ರ ಜನವರಿಯಲ್ಲಿ ಕಾರು ನನ್ನ ಶೆಡ್ಡಿಗೆ ಬಂದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿತ್ತು, ಟರ್ಬೋ ಸಿಳ್ಳೆ ಹಾಕುತ್ತಿತ್ತು. ಬಿಚ್ಚಿ ಶಾಫ್ಟನ್ನು ಬೆರಳಿನಿಂದ ಅಲುಗಿಸಿದೆ, ಲೊಡಲೊಡ ಆಡಿತು. ಬೇರಿಂಗು ಹೋಗಿತ್ತು.

ಹೊಸದು ಯಾವುದು ಹಾಕಬೇಕು ಎಂಬ ಪ್ರಶ್ನೆ ಬಂತು. ಮುಂಬಯಿಯ ಒಬ್ಬ ವ್ಯಾಪಾರಿಗೆ ಬರೆದೆ. ಅವನು ಎರಡು ಕರಪತ್ರ ಕಳಿಸಿದ. ಒಂದು, ಮೊದಲಿದ್ದುದಕ್ಕಿಂತ ದೊಡ್ಡ ಅಳತೆಯದು. ಇನ್ನೊಂದು ಮೊದಲಿನ ಅಳತೆಯದೇ, ಆದರೆ ಬೇರಿಂಗಿನ ಸುತ್ತ ನೀರಿನ ಜಾಕೆಟ್ ಇದ್ದದ್ದು. ರೇಡಿಯೇಟರಿನ ನೀರನ್ನು ಅದರೊಳಗೆ ಹರಿಸಿ ಬೇರಿಂಗನ್ನು ತಣ್ಣಗಿಡುವ ಏರ್ಪಾಡು. ಆಗ ಅದು ತೀರಾ ಹೊಸದು.

ದೊಡ್ಡದರ ಕಷ್ಟ ನನಗೆ ಗೊತ್ತಿತ್ತು. ಚಕ್ರ ದೊಡ್ಡದಾದಷ್ಟೂ ಅದನ್ನು ತಿರುಗಿಸಲು ಹೊಗೆ ಹೆಚ್ಚು ಬೇಕು. ಸಣ್ಣ ಎಂಜಿನ್ನಿಗೆ ದೊಡ್ಡ ಟರ್ಬೋ ಹಾಕಿದರೆ ಪೆಡಲ್ ತುಳಿದ ಎಷ್ಟೋ ಹೊತ್ತಿನ ಮೇಲೆ ಗಾಡಿ ಎದ್ದೇಳುತ್ತದೆ, ಎದ್ದಮೇಲೆ ಒಮ್ಮೆಲೇ ಎಳೆಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಮಾತು ಎಂಜಿನ್ನಿಗೂ ಸಲ್ಲುತ್ತದೆ. ಇದನ್ನೆಲ್ಲ ಯೂಸುಫ್‌ಗೆ ಹೇಳಿದೆ.

‘ಇಂಜಿನಿಯರ್ ಸಾಬ್, ಸಣ್ಣದು ಇದ್ದಿದ್ದಕ್ಕೇ ಸತ್ತೋತು. ಈ ಸಲ ದೊಡ್ಡದೇ ಹಾಕ್ರಿ’ ಎಂದರು.

ನಾನು ಹೆಚ್ಚು ವಾದಿಸಲಿಲ್ಲ. ನೀರಿನ ಜಾಕೆಟ್ಟಿಗೆ ಹೊಸ ಪೈಪು ಬಗ್ಗಿಸಬೇಕು, ಬೆಸುಗೆ ಹಾಕಬೇಕು, ಎರಡು ದಿನದ ರಗಳೆ. ಶೆಡ್ಡಿನಲ್ಲಿ ಆಗಲೇ ನಾಲ್ಕು ಲಾರಿ ಬಾಯಿ ತೆರೆದು ನಿಂತಿದ್ದವು. ಗಿರಾಕಿಯೇ ದೊಡ್ಡದು ಕೇಳುತ್ತಿದ್ದಾನಲ್ಲ, ಹಾಕಿ ಕಳಿಸಿದರಾಯಿತು ಅಂದುಕೊಂಡೆ. ಮೊದಲಿನದು ಯಾಕೆ ಹೋಯಿತು ಎಂದು ಕೂತು ವಿಚಾರಿಸುವ ತಾಳ್ಮೆಯೂ ಇರಲಿಲ್ಲ. ಫೆಬ್ರವರಿಯಲ್ಲಿ ಜೋಡಿಸಿ, ಹಳೆಯ ಎಣ್ಣೆ ಬಸಿದು, ಯೂಸುಫ್ ತರಿಸಿದ್ದ ಒಳ್ಳೆಯ ದರ್ಜೆಯ ಎಣ್ಣೆಯ ಡಬ್ಬಿಗಳನ್ನು ಬಸಪ್ಪನ ಕೈಗೆ ಕೊಟ್ಟೆ. ಇಷ್ಟಿಷ್ಟು ಕಿಲೋಮೀಟರಿಗೆ ಬದಲಿಸು ಎಂದೆ. ಮುಂಬಯಿಯಿಂದ ಟರ್ಬೋ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯನ್ನು ಯೂಸುಫ್‌ಗೆ ಕೊಟ್ಟೆ. ಅವರು ಅದನ್ನು ಕಾರಿನ ಡ್ಯಾಶ್‌ಬೋರ್ಡಿನ ಖಾನೆಯೊಳಗೆ ಹಾಕಿ ಮರೆತರು.

ಆ ವರ್ಷ ರಂಜಾನ್ ಬೇಸಿಗೆಯ ಕೊನೆಗೆ ಬಿದ್ದಿತ್ತು. ಹಬ್ಬ ಮುಗಿದ ವಾರಕ್ಕೆ ಕಾರು ಮತ್ತೆ ಬಂತು, ಅದೇ ನೀಲಿ ಹೊಗೆ, ಅದೇ ಸಿಳ್ಳೆ. ನಾಲ್ಕೇ ತಿಂಗಳಿಗೆ ಎರಡನೆಯ ಶಂಖವೂ ಮುಗಿದಿತ್ತು. ಬಿಚ್ಚಿದರೆ ಬೇರಿಂಗಿನ ಸುತ್ತ, ಎಣ್ಣೆ ಇಳಿಯುವ ತೂತಿನೊಳಗೆ, ಕಪ್ಪನೆಯ ಕಲ್ಲಿನಂಥ ಕಿಟ್ಟ. ನನಗೆ ಸಿಟ್ಟು ಬಂತು. ನಾನು ಆರಿಸಿ ಹಾಕಿದ ಸಾಮಾನು ಇಷ್ಟು ಬೇಗ ಸತ್ತಿತಲ್ಲ, ನನ್ನ ಹೆಸರು ಏನಾಗಬೇಕು ಎಂಬ ಚಿಂತೆ. ಆ ಸಿಟ್ಟಿನಲ್ಲೇ ಲೆಟರ್‌ಹೆಡ್ ಎಳೆದುಕೊಂಡು ಕಾರಣ ಎಂಬ ಕಡೆ ಬರೆದೆ: ‘ಕೆಟ್ಟ ಎಣ್ಣೆ.’ ಸಹಿ ಹಾಕಿದೆ.

ಎರಡೇ ಪದ. ನನ್ನ ಕಣ್ಣು ಕಂಡದ್ದು ಸುಟ್ಟ ಎಣ್ಣೆಯನ್ನು. ಕೈ ಬರೆದದ್ದು ಕೆಟ್ಟ ಎಣ್ಣೆ ಎಂದು. ಸುಟ್ಟಿದೆ ಎಂದು ಬರೆದಿದ್ದರೆ ಯಾಕೆ ಸುಟ್ಟಿತು ಎಂದು ಯಾರಾದರೂ ಕೇಳುತ್ತಿದ್ದರು. ಕೆಟ್ಟದ್ದು ಎಂದ ಮೇಲೆ ಕೇಳುವುದು ಒಂದೇ ಪ್ರಶ್ನೆ, ಹಾಕಿದವರು ಯಾರು ಎಂದು.

ಮರುದಿನ ಗಫಾರ್ ಸಾಹೇಬರು ತಾವೇ ಶೆಡ್ಡಿಗೆ ಬಂದರು. ದನಿ ಎತ್ತಿ ಮಾತಾಡುವ ಮನುಷ್ಯರಲ್ಲ. ಕಾಗದವನ್ನು ಎರಡು ಸಲ ಓದಿಸಿಕೊಂಡು ಬಸಪ್ಪನನ್ನು ಕರೆದರು.

‘ಬಸಣ್ಣ, ಒಳ್ಳೆ ಎಣ್ಣೆ ಡಬ್ಬಿ ನಿನ್ ಕೈಯಾಗೇ ಕೊಟ್ಟಿದ್ದಲ್ಲ. ಅವು ಎಲ್ಲಿ ಹೋದ್ವು?’

‘ಗಾಡಿಗೇ ಹಾಕೀನ್ರಿ ಸಾಹೇಬ್ರೆ. ನಾನೇ ಡಬ್ಬಿ ಒಡೆದು ಹಾಕೀನಿ. ಬ್ಯಾರೆ ಎಣ್ಣೆ ಮುಟ್ಟಿಲ್ಲ.’

‘ಇಂಜಿನಿಯರು ಬರ್ದು ಕೊಟ್ಟಾರಲ್ಲಪ್ಪ.’

ಬಸಪ್ಪ ನನ್ನ ಮುಖ ನೋಡಿದ. ಆಗ ನಾನು ಒಂದು ಮಾತು ಹೇಳಬಹುದಿತ್ತು, ಎಣ್ಣೆಯನ್ನು ಪರೀಕ್ಷೆ ಮಾಡಿಸಿಲ್ಲ ಎಂದು. ‘ಒಳಗೆ ಹಂಗೇ ಐತೆ ಬಸಪ್ಪ, ನಾನೇನು ಮಾಡ್ಲಿ’ ಎಂದು ಸ್ಪ್ಯಾನರ್ ಒರೆಸುತ್ತಾ ನಿಂತೆ. ಅವನು ಕಾರಿನ ಕೀಯನ್ನು ಬೆಂಚಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಸಾಹೇಬರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ‘ಇಪ್ಪತ್ತು ವರ್ಷದ ಭರೋಸಾ ಇತ್ತು ಅವನ ಮ್ಯಾಲೆ, ಇಂಜಿನಿಯರ್’ ಎಂದಷ್ಟೇ ಹೇಳಿ ಎದ್ದರು.

ಡ್ರೈವರುಗಳ ಲೋಕ ಸಣ್ಣದು. ವಾರದೊಳಗೆ ಬಸ್ ಸ್ಟ್ಯಾಂಡ್ ಬಳಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬಸಪ್ಪನಿಗೆ ಎಣ್ಣೆ ಬಸಪ್ಪ ಎಂದು ಹೆಸರು ಬಿತ್ತು. ಒಬ್ಬ ಮಿಲ್ಲಿನವರ ಹತ್ತಿರ, ಆಮೇಲೆ ಒಬ್ಬ ವಕೀಲರ ಹತ್ತಿರ ಕೆಲಸ ಕೇಳಿದನಂತೆ. ಇಬ್ಬರೂ ಇಲ್ಲ ಎಂದರಂತೆ. ಒಳ್ಳೆಯ ಎಣ್ಣೆ ಮಾರಿಕೊಂಡು ಕಳಪೆ ಎಣ್ಣೆ ಸುರಿಯುವವನಿಗೆ ಗಾಡಿ ಯಾರು ಕೊಡುತ್ತಾರೆ? ಅವನು ಊರಿಗೆ ಹೋಗಿ ಯಾರದೋ ಟ್ರಾಕ್ಟರ್ ಓಡಿಸುತ್ತಿದ್ದಾನೆ ಎಂದು ನನ್ನ ಕಿವಿಗೂ ಬಿತ್ತು. ಕೇಳಿಸಿಕೊಂಡು ಲಾರಿಯ ಕೆಲಸಕ್ಕೆ ತಿರುಗಿದೆ.

ಜುಲೈನಲ್ಲಿ ಮೂರನೆಯ ಟರ್ಬೋ ಆರಿಸುವ ಮಾತು ಬಂತು. ಯೂಸುಫ್‌ಗೆ ಈ ಸಲ ಇನ್ನೂ ದೊಡ್ಡದು ಬೇಕಿತ್ತು. ಮಾತಾಡೋಣ ಬರ್ರಿ ಎಂದು ಸಂಜೆ ಮನೆಗೆ ಕರೆದರು. ಅವರ ಮನೆ ಊರಿನ ಅಂಚಿನಲ್ಲಿ, ಹೆದ್ದಾರಿಗೆ ಹತ್ತಿರ. ಹೆದ್ದಾರಿ ಬಿಟ್ಟ ಕೂಡಲೇ ಮಸೀದಿ, ಮಸೀದಿ ಪಕ್ಕದಿಂದ ಇಳಿಜಾರಿನ ಒಂದು ಓಣಿ, ಓಣಿಯ ಕೊನೆಗೆ ಮನೆ. ಜಗಲಿಯ ಮೇಲೆ ಅಣ್ಣತಮ್ಮಂದಿರ ತಾಯಿ ತಸ್ಬಿ ಹಿಡಿದು ಜಪದ ಮಣಿ ಎಣಿಸುತ್ತಾ ಕೂತಿದ್ದರು. ಎಂಬತ್ತರ ಹತ್ತಿರದ ಮುದುಕಿ. ಎಲ್ಲರೂ ಅಮ್ಮಾಜಿ ಎನ್ನುತ್ತಿದ್ದರು. ನಾನು ಕೂತು ಚಹಾ ಕುಡಿಯುತ್ತಿದ್ದಂತೆ ಹೊಸ ಡ್ರೈವರ್ ಹಳೇ ಕಾರನ್ನು ಗುರ್ರೆನಿಸುತ್ತಾ ಅಂಗಳಕ್ಕೆ ತಂದು, ಒಮ್ಮೆ ರೇಸ್ ಮಾಡಿ, ಆಮೇಲೆ ಬಂದ್ ಮಾಡಿದ. ಅಮ್ಮಾಜಿಯ ಬೆರಳು ನಿಂತಿತು.

‘ನೋಡ್ ಬೇಟಾ, ಮತ್ತೆ ಲೆಕ್ಕ ತಪ್ತು. ಇನ್ನ ಮೊದಲಿಂದ ಎಣಿಸ್ಬೇಕು’ ಎಂದರು ನನ್ನ ಕಡೆ ತಿರುಗಿ. ‘ಬಸಪ್ಪ ಇದ್ದಾಗ ಗಾಡಿ ಬಂದದ್ದೇ ಗೊತ್ತಾಗ್ತಿರ್ಲಿಲ್ಲ. ಯೂಸುಫ್‌ನ ಮಸೀದಿ ಮುಂದೆ ಇಳಿಸಿ, ಓಣಿ ಬಾಯಾಗೇ ಎಂಜಿನ್ ಬಂದ್ ಮಾಡಿ, ನೀರು ಹರಿದಂಗೆ ಒಳಗೆ ತರ್ತಿದ್ದ. ನಾನು ಒಂದಿನಾನೂ ಹೇಳ್ದೋಳಲ್ಲ. ತಾನೇ ತಿಳ್ಕೊಂಡು ಮಾಡ್ತಿದ್ದ.’

ಚಹಾದ ಲೋಟ ಕೆಳಗಿಟ್ಟೆ. ದಿನವೂ ಅಸ್ತಮಾನದ ನಮಾಜಿಗೆ ಮುಟ್ಟಬೇಕೆಂದು ಹದಿನಾಲ್ಕು ಕಿಲೋಮೀಟರ್ ಉಸಿರು ಬಿಗಿಹಿಡಿದು ಓಡಿಸಿಕೊಂಡು ಬರುವುದು. ರಂಜಾನಿನಲ್ಲಂತೂ ಉಪವಾಸ ಬಿಡುವ ಹೊತ್ತಿಗೆ ತಲುಪಬೇಕು, ಇನ್ನೂ ಜೋರು. ಟರ್ಬೋ ಕೆಂಡವಾಗಿರುತ್ತದೆ. ಅಂಥ ಹೊತ್ತಿನಲ್ಲಿ ಓಣಿಯ ಬಾಯಲ್ಲಿ ಎಂಜಿನ್ ಬಂದ್. ಎಂಜಿನ್ ನಿಂತರೆ ಎಣ್ಣೆಯ ಪಂಪೂ ನಿಲ್ಲುತ್ತದೆ. ಶಾಫ್ಟು ಮಾತ್ರ ಇನ್ನೂ ತಿರುಗುತ್ತಿರುತ್ತದೆ. ಬೇರಿಂಗಿನಲ್ಲಿ ಉಳಿದ ನಾಲ್ಕು ಹನಿ ಎಣ್ಣೆ, ಒಲೆ ಮೇಲೆ ಮರೆತ ಒಗ್ಗರಣೆ ಸೌಟಿನಲ್ಲಿ ಆಗುವಂತೆ, ಹೊತ್ತಿ ಕರಿಕಟ್ಟುತ್ತದೆ. ಓಡಿ ಬಂದ ಗಾಡಿಯನ್ನು ಎರಡು ಮೂರು ನಿಮಿಷ ಸಣ್ಣಗೆ ಓಡಲು ಬಿಟ್ಟು ಆಮೇಲೆ ನಿಲ್ಲಿಸಬೇಕು, ಇದು ಟರ್ಬೋ ಗಾಡಿಯ ಮೊದಲ ನಿಯಮ. ಆ ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲೇ ಇತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ನಾನು ಹೇಳಲಿಲ್ಲ. ಗಾಡಿ ಓಡಿಸುವವನಿಗೆ ಇಂಗ್ಲಿಷ್ ಬರದು. ಇಂಗ್ಲಿಷ್ ಬರುವವನು ಪಕ್ಕದಲ್ಲಿ ಕೂತು ಗಡಿಯಾರ ನೋಡುತ್ತಿದ್ದ.

ಅವತ್ತು ಟರ್ಬೋ ಆರಿಸುವ ಮಾತನ್ನು ಮುಂದಕ್ಕೆ ಹಾಕಿ ಎದ್ದು ಬಂದೆ. ಆದರೆ ನನ್ನ ಊಹೆಗೆ ಸಾಕ್ಷಿ ಬೇಕಿತ್ತು. ಕಾರಿನಿಂದ ಬಸಿದ ಎಣ್ಣೆ ಶೆಡ್ಡಿನ ಮೂಲೆಯಲ್ಲಿ ಡಬ್ಬಿಯಲ್ಲಿತ್ತು. ಗೆದ್ದಲು ಹತ್ತದಂತೆ ಮರಕ್ಕೆ ಬಳಿಯಲು ಡಿಪೋದವರು ಇಂಥ ಎಣ್ಣೆ ಒಯ್ಯುತ್ತಿದ್ದರು, ಪುಣ್ಯಕ್ಕೆ ಇದನ್ನು ಇನ್ನೂ ಒಯ್ದಿರಲಿಲ್ಲ. ಅದರಲ್ಲಿ ಒಂದು ಸೀಸೆ, ಯೂಸುಫ್ ತರಿಸುತ್ತಿದ್ದ ಅದೇ ಎಣ್ಣೆಯ ಒಡೆಯದ ಹೊಸ ಡಬ್ಬಿಯಿಂದ ಒಂದು ಸೀಸೆ ತುಂಬಿಕೊಂಡು ಹರಿಹರಕ್ಕೆ ಹೋದೆ. ಹಳೇ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನ್ನ ಕಾಲದ ಒಬ್ಬ ಗೆಳೆಯ ಇನ್ನೂ ಇದ್ದ. ಮೂರು ದಿನ ಬಿಟ್ಟು ಹೇಳಿದ: ‘ಎರಡೂ ಒಂದೇ ಮಾಲು. ನೀನು ತಂದ ಹಳೇದು ಇನ್ನೂ ಸಾವಿರ ಕಿಲೋಮೀಟರ್ ಓಡ್ತಿತ್ತು ಮಾರಾಯ. ಇದನ್ನ ಕೆಟ್ಟದ್ದು ಅಂದೋರು ಯಾರು?’

ನಾನೇ ಎಂದೆ.

ಗಫಾರ್ ಸಾಹೇಬರ ಮುಂದೆ ಕೂತು ಎಲ್ಲ ಹೇಳಿದೆ. ಅವರು ಕೇಳಿ ಮುಗಿಸಿ, ‘ಅವತ್ತು ಕಾಗದದಾಗೆ ಬರ್ದು ಕೊಟ್ರಿ. ಇವತ್ತು ಬಾಯಾಗೆ ಹೇಳ್ತೀರಿ’ ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಎತ್ತು ಈಯಿತು ಎಂದು ನಾನು ಹೇಳಿದೆ, ಕೊಟ್ಟಿಗೆಗೆ ಕಟ್ಟು ಎಂದು ಅವರು ಹೇಳಿದರು, ಇಬ್ಬರಿಗೂ ನಾಚಿಕೆಯಾಗಿತ್ತು. ‘ಕೊಕ್ಕನೂರಿಗೆ ಹೋಗೋಣ, ನಡೀರಿ’ ಎಂದು ಅವರೇ ಎದ್ದರು.

ಬಸಪ್ಪ ಮನೆ ಮುಂದೆ ಟ್ರಾಕ್ಟರಿನ ಟೈರ್ ಬಿಚ್ಚುತ್ತಿದ್ದ. ಕೈ ತೊಳೆದು ಬಂದು, ಕಂಬಳಿ ಹಾಸಿ, ‘ಕೂಡ್ರಿ’ ಎಂದ. ಏನೂ ನಡೆದೇ ಇಲ್ಲವೇನೋ ಎಂಬಂತೆ ಅಮ್ಮಾಜಿಯ ಆರೋಗ್ಯ ಕೇಳಿದ. ನಾನು ಎಣ್ಣೆಯ ಪರೀಕ್ಷೆಯ ವಿಚಾರ ಹೇಳಿದೆ. ಅವನು ತಲೆಯಾಡಿಸಿದ, ಅಷ್ಟೇ. ಆಮೇಲೆ ಟರ್ಬೋ ಯಾಕೆ ಸತ್ತಿತು ಎಂದು ಹೇಳಿದೆ. ಓಣಿ ಬಾಯಿ, ಎಂಜಿನ್ ಬಂದ್, ಸುಟ್ಟ ಎಣ್ಣೆ.

‘ಅಂದ್ರ ಎರಡೂ ಶಂಖ ಕೆಡ್ಸಿದ್ದು ನಾನೇ ಅಲ್ರಿ?’

‘ನಿನಗೆ ಯಾರೂ ಹೇಳಿರ್ಲಿಲ್ಲ ಬಸಪ್ಪ. ಹೇಳಬೇಕಾದೋನು ನಾನು.’

‘ಅದು ಬಿಡ್ರಿ. ಕದ್ದಿಲ್ಲ ಅಂತ ನನಗೆ ಗೊತ್ತಿತ್ತು. ಜನ ಏನರೆ ಅನ್ಲಿ, ಮಲ್ಕೊಂಡ್ರ ನಿದ್ದೆ ಬರ್ತಿತ್ತು. ಈಗ ನೀವು ಬಂದು ಹೇಳಿದ್ಮ್ಯಾಲೆ ಹೋತು ನೋಡ್ರಿ ಅದು.’

ಇಪ್ಪತ್ತು ವರ್ಷ ಗಾಡಿಗೆ ಗೀರು ಬೀಳದಂತೆ ನೋಡಿಕೊಂಡವನು. ಸುಳ್ಳು ಆಪಾದನೆ ಅವನನ್ನು ಬಗ್ಗಿಸಿರಲಿಲ್ಲ, ನಾನು ತಂದ ನಿಜ ಬಗ್ಗಿಸಿತು. ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನನಗೆ ತಲೆ ಎತ್ತಿ ಆ ಕಡೆ ನೋಡಲಾಗಲಿಲ್ಲ. ಗಫಾರ್ ಸಾಹೇಬರು ಅವನ ಕೈ ಹಿಡಿದುಕೊಂಡು, ‘ನಮ್ಮ ಅಮ್ಮನ ಸಲುವಾಗಿ ಮಾಡಿದ್ದು ಅದು. ವಾಪಸ್ ಬಾ ಬಸಣ್ಣ’ ಎಂದರು.

‘ಬರ್ತೀನ್ರಿ. ಮೊದಲು ಇವ್ರು ಇನ್ನೊಂದು ಕಾಗದ ಬರ್ದು ಕೊಡ್ಲಿ, ಅದೇ ಛಾಪಾ ಇರೋ ಕಾಗದದಾಗೆ. ಟ್ಯಾಕ್ಸಿ ಸ್ಟ್ಯಾಂಡಿನಾಗೆ ಇವ್ರೇ ಓದ್ಬೇಕು. ನನಗೆ ಓದಾಕೆ ಅಷ್ಟು ಬರಲ್ಲ.’

ಲೆಟರ್‌ಹೆಡ್ ನನ್ನ ಚೀಲದಲ್ಲೇ ಇತ್ತು. ಅಲ್ಲೇ ಕಂಬಳಿಯ ಮೇಲೆ ಕೂತು ಬರೆದೆ: ಎಣ್ಣೆ ಕೆಟ್ಟಿರಲಿಲ್ಲ, ಸುಟ್ಟಿತ್ತು. ನಾನು ಪರೀಕ್ಷೆ ಮಾಡಿಸದೆ ಬರೆದದ್ದು ತಪ್ಪು. ಗಾಡಿ ನಿಲ್ಲಿಸುವ ಕ್ರಮವನ್ನು ಡ್ರೈವರಿಗೆ ತಿಳಿಸದೇ ಇದ್ದದ್ದೂ ನನ್ನ ತಪ್ಪು. ಡ್ರೈವರ್ ಬಸಪ್ಪನದು ಏನೂ ತಪ್ಪಿಲ್ಲ. ಓದಿ ಹೇಳಿದೆ. ಅವನು ಕೊನೆಯವರೆಗೂ ಕೇಳಿದ.

‘ಕಡೀ ಮಾತು ತೆಗೀರಿ. ಓಣಿ ಬಾಯಾಗೆ ಬಂದ್ ಮಾಡಿದ್ದು ನಾನು. ಅದನ್ನೂ ಬರೀರಿ. ಒಂದ್ ಸುಳ್ಳಿಗೆ ಇಷ್ಟು ಆಗೈತೆ, ಇನ್ನೊಂದು ಬ್ಯಾಡ.’

ಕೊನೆಯ ಸಾಲು ಹೊಡೆದು ಹಾಕಿ ಅವನು ಹೇಳಿದಂತೆ ಬರೆದೆ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋದೆವು. ಹತ್ತು ಹನ್ನೆರಡು ಡ್ರೈವರುಗಳು ಮಂಡಕ್ಕಿ ತಿನ್ನುತ್ತಾ ನಿಂತಿದ್ದರು. ಕಾರ್ಖಾನೆಯಲ್ಲಿ ದೊಡ್ಡ ಅಧಿಕಾರಿಗಳ ಮುಂದೆ ವರದಿ ಓದಿದವನು ನಾನು, ಅಲ್ಲಿ ಸಾಲು ತಪ್ಪಿ ಎರಡು ಸಲ ಓದಿದೆ. ಓದಿ ಮುಗಿಸಿದಾಗ ಒಬ್ಬ ಕೇಳಿದ, ‘ಹಂಗಾದ್ರೆ ತಪ್ಪು ಯಾರ್ದಂಗಾತು?’

‘ನಂದೇ’ ಎಂದೆ.

‘ಇಬ್ರುದೂ ಅಂತ ಬರ್ದೈತಲ್ಲೋ, ಕೇಳ್ಸಿಲ್ಲೇನು’ ಎಂದ ಬಸಪ್ಪ.

ಆ ಕಾಗದವನ್ನು ಮಡಚಿ ಅವನು ಲೈಸೆನ್ಸಿನ ಜೊತೆ ಇಟ್ಟುಕೊಂಡ. ಎಣ್ಣೆ ಬಸಪ್ಪ ಎಂಬ ಹೆಸರು ಒಂದೇ ದಿನಕ್ಕೆ ಹೋಗಲಿಲ್ಲ. ಒಂದು ವರ್ಷವೇ ಹಿಡಿಯಿತು.

ಮೂರನೆಯ ಟರ್ಬೋ ನಾನೇ ಆರಿಸಿದೆ. ಮೊದಲಿನ ಅಳತೆಯದು, ನೀರಿನ ಜಾಕೆಟ್ ಇದ್ದದ್ದು. ಪೈಪು ಬಗ್ಗಿಸಲು ಎರಡಲ್ಲ, ಮೂರು ದಿನ ಹಿಡಿಯಿತು. ಯೂಸುಫ್ ಗೊಣಗಲಿಲ್ಲ. ಬಸಪ್ಪ ಅವರನ್ನು ಮಸೀದಿ ಮುಂದೆ ಇಳಿಸಿ, ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ನನ್ನು ಮೂರು ನಿಮಿಷ ಸಣ್ಣಗೆ ಓಡಲು ಬಿಟ್ಟು, ಆಮೇಲೆ ಓಣಿಯ ಬಾಯಲ್ಲಿ ಬಂದ್ ಮಾಡಿ ಇಳಿಸುತ್ತಿದ್ದ. ಅವರು ಕಾರು ಮಾರುವವರೆಗೂ ಆ ಟರ್ಬೋ ಕೆಡಲಿಲ್ಲ.

ಯಂತ್ರಕ್ಕೆ ಯಾವ ಭಾಗ ಸರಿ ಎಂದು ಆರಿಸುವುದನ್ನು ಪುಸ್ತಕ ಕಲಿಸುತ್ತದೆ. ಆ ಯಂತ್ರ ಯಾವ ಹೊತ್ತಿನಲ್ಲಿ, ಯಾರ ಸಲುವಾಗಿ, ಹೇಗೆ ನಿಲ್ಲುತ್ತದೆ ಎಂಬುದನ್ನು ಅದನ್ನು ನಡೆಸುವವನನ್ನೇ ಕೂರಿಸಿಕೊಂಡು ಕೇಳಬೇಕು. ಇಷ್ಟು ತಿಳಿಯಲು ನನಗೆ ಒಬ್ಬ ಮನುಷ್ಯನ ಹೆಸರಿನ ಬಲಿ ಬೇಕಾಯಿತು. ಆಮೇಲೆ ಶೆಡ್ ಮುಚ್ಚುವವರೆಗೂ, ಡ್ರೈವರನ್ನು ಕಂಡು ಮಾತಾಡದೆ ಕಾರಣ ಎಂಬ ಕಡೆ ಒಂದಕ್ಷರ ಬರೆಯಲಿಲ್ಲ. ಎಷ್ಟೋ ಕಾಗದಗಳಲ್ಲಿ ಆ ಜಾಗ ಖಾಲಿಯೇ ಉಳಿಯಿತು. ಇಂಜಿನಿಯರಿಗೆ ವಯಸ್ಸಾಯಿತು, ಕಾರಣ ತಿಳಿಯುವುದಿಲ್ಲ ಎಂದು ಗಿರಾಕಿಗಳು ಬೈದರು. ಬೈಸಿಕೊಂಡೆ.